ಮೇಷ್ಟ್ರ ಲಾಳಿಕೆ

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹವಾಮಾನ ಕೇಂದ್ರದ ಮಳೆಮಾಪಕಕ್ಕೆ ಅಳೆಯುವಂಥ ಒಂದು ಹನಿಯೂ ಬೀಳಲಿಲ್ಲ. 28ನೇ ತಾರೀಕು, ಭಾನುವಾರ, ಬಿಸಿಲು 38.5 ಡಿಗ್ರಿಗೆ ಏರಿತು. ಮಳೆಯೇ ಇಲ್ಲದ ಏಪ್ರಿಲ್ ಹಿಂದೆ ಬಂದಿದ್ದು 1983ರಲ್ಲಿ ಎಂದು ಪತ್ರಿಕೆಗಳು ಬರೆದವು. ತಿಂಗಳು ಮುಗಿದ ದಿನವೇ ನನ್ನ ಅಕ್ಕನ ಮೊಮ್ಮಗ ಫೋನ್ ಮಾಡಿ, "ತಾತ, 83ರಲ್ಲಿ ನಿಮ್ಮೂರಲ್ಲೂ ಮಳೆ ಬರ್ಲಿಲ್ವಾ?" ಎಂದು ಕೇಳಿದ.

ಈ ಹುಡುಗನಿಗೆ ಮೋಡದ ಹುಚ್ಚು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ದುಡಿಯುತ್ತಾನೆ, ಶನಿವಾರ ಬಂತೆಂದರೆ ಇವನಂಥವರೇ ನಾಲ್ಕೈದು ಹುಡುಗ ಹುಡುಗಿಯರು ಬೈಕು ಹತ್ತಿ ಶಿವಗಂಗೆಗೋ ದೇವರಾಯನದುರ್ಗಕ್ಕೋ ನಮ್ಮ ಹುತ್ರಿದುರ್ಗಕ್ಕೋ ಹೊರಟುಬಿಡುತ್ತಾರೆ. ಅಂಗೈಯಗಲದ ಒಂದು ಯಂತ್ರ ಇಟ್ಟುಕೊಂಡು ಬುಡದಲ್ಲಿ ಎಷ್ಟು ಬಿಸಿ, ನೆತ್ತಿಯಲ್ಲಿ ಎಷ್ಟು, ಗಾಳಿ ಯಾವ ಕಡೆಯಿಂದ, ತೇವ ಎಷ್ಟು ಎಂದೆಲ್ಲ ಬರೆದುಕೊಳ್ಳುತ್ತಾರೆ. ಬೇಸಿಗೆಯ ಮೊದಲ ಗುಡುಗಿನ ಮೋಡ ಏಳುವುದು ಅವರಿಗೆ ಸ್ಟಾರ್ ನಟನ ಸಿನಿಮಾದ ಮೊದಲ ಶೋ ಇದ್ದ ಹಾಗೆ. ಫೋನಿನಲ್ಲಿ ರಾಡಾರ್ ಚಿತ್ರ, ಉಪಗ್ರಹ ಚಿತ್ರ, ಸಿಡಿಲು ಎಲ್ಲಿ ಬಿತ್ತೆಂದು ತೋರಿಸುವ ನಕ್ಷೆ, ಎಲ್ಲ ಇದೆ. ಇಲ್ಲದ್ದು ಒಂದೇ, ಹಳೆಯ ಲೆಕ್ಕ.

"ನಿಮ್ಮ ಮೇಷ್ಟ್ರು ಬರೀತಿದ್ರು ಅಂತಿದ್ರಲ್ಲ ತಾತ?"

ಬರೆಯುತ್ತಿದ್ದರು. ಆ ಒಂದು ಮಾತಿನಿಂದ ನಾನು ಹುಟ್ಟಿದ ಬೆಟ್ಟದ ಬುಡಕ್ಕೆ ಮನಸ್ಸು ಹೋಯಿತು. ಆಮೇಲೆ ಕಾಲೂ ಹೋಯಿತು.

ಕುಣಿಗಲ್ಲಿನಿಂದ ಮಾಗಡಿ ಕಡೆಗೆ ಬರುವಾಗ ಸಿಗುವ ಹುತ್ರಿದುರ್ಗವನ್ನು ನಮ್ಮವರು ಉತ್ತಿದುರ್ಗ ಎನ್ನುವುದೇ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 3,700 ಅಡಿ. ಮಾಗಡಿ ಕೆಂಪೇಗೌಡರ ಕಾಲದ ಕೋಟೆ, ಒಂದರ ಹಿಂದೊಂದು ಕಲ್ಲಿನ ಬಾಗಿಲು, ಮೇಲೆ ಶಂಕರೇಶ್ವರ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿದು, ಕೆಲವೇ ದಿನಗಳಲ್ಲಿ ಇದನ್ನೂ ಹಿಡಿಯಿತು. ಚರಿತ್ರೆಯಲ್ಲಿ ಅದರ ಪಾತ್ರ ಅಷ್ಟಕ್ಕೇ ಮುಗಿದಂತೆ. ನಮಗೆ ಮಾತ್ರ ಅದು ದಿನಾ ನೋಡುವ ಹವಾಮಾನ ವರದಿ. ಬೆಟ್ಟದ ನೆತ್ತಿ ಬೆಳಿಗ್ಗೆ ಮಂಜಿನಲ್ಲಿ ಮುಚ್ಚಿದ್ದರೆ ಒಂದು ಅರ್ಥ, ಮಧ್ಯಾಹ್ನ ಬಂಡೆ ನೀಲಿಗಟ್ಟಿ ಹತ್ತಿರ ಬಂದಂತೆ ಕಂಡರೆ ಇನ್ನೊಂದು.

ಆ ಅರ್ಥಗಳನ್ನೆಲ್ಲ ಇಟ್ಟುಕೊಂಡಿದ್ದವರು ನಮ್ಮ ತಾತ. ಯುಗಾದಿ ಕಳೆದು ಹೊನ್ನಾರು ಕಟ್ಟಿ, ಎತ್ತಿನ ಕೊಂಬಿಗೆ ಅರಿಸಿನ ಕುಂಕುಮ ಹಚ್ಚಿ ನಾಲ್ಕು ಸಾಲು ಉತ್ತು ಬಂದ ಮೇಲೆ ಅವರ ಕಣ್ಣು ಆಕಾಶ ಬಿಟ್ಟು ಇಳಿಯುತ್ತಿರಲಿಲ್ಲ. ದೇವಸ್ಥಾನದಲ್ಲಿ ಪಂಚಾಂಗ ಓದುವಾಗ ಈ ಸಲ ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಎಷ್ಟು, ಬೆಟ್ಟಕ್ಕೆ ಎಷ್ಟು, ಭೂಮಿಗೆ ಎಷ್ಟು ಎಂದು ಹೇಳುತ್ತಿದ್ದರು. ಭೂಮಿಯ ಪಾಲು ಯಾವಾಗಲೂ ಕಮ್ಮಿ. "ಸಮುದ್ರಕ್ಯಾಕೆ ಮಳೆ, ಅಲ್ಲೇನು ರಾಗಿ ಬಿತ್ತವ್ರಾ?" ಎಂದು ತಾತ ಪ್ರತಿ ವರ್ಷ ತಪ್ಪದೆ ಕೇಳುತ್ತಿದ್ದರು.

ಏಪ್ರಿಲ್ ನಡುವಿಗೆ ಅಶ್ವಿನಿ, 27ರ ಸುಮಾರಿಗೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳೇ ಒಂದೊಂದು ಮಳೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ನಂಬಿಕೆ. ಭರಣಿಯಲ್ಲಿ ಒಂದು ಹದ ಬಿದ್ದರೆ ಎಳ್ಳು, ಹೆಸರು, ಅಲಸಂದೆ ಬಿತ್ತುತ್ತಿದ್ದರು. ರಾಗಿಗೆ ಇನ್ನೂ ಕಾಲ ಇತ್ತು. ಸೆಕೆ ಕುದಿಯುವ ಮಧ್ಯಾಹ್ನ ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತಿದರೆ, ಹೊಂಗೆ ಎಲೆ ಅಲುಗದೆ ನಿಂತರೆ ತಾತ ಜಗಲಿಗೆ ಬಂದು ಕೂರುತ್ತಿದ್ದರು. ಮೂಡಲಲ್ಲಿ ಕಪ್ಪಾದರೆ, "ಮಾಗಡಿ ಕಡೆ ಕಟ್ಟದೆ, ಇತ್ಲಾಗೆ ಬರಾಕಿಲ್ಲ ಬುಡು" ಎನ್ನುವರು. ಬಂದುಬಿಟ್ಟರೆ, "ನಾನ್ ಹೇಳ್ನಿಲ್ವಾ, ಗಾಳಿ ತಿರುಗ್ತದೆ ಅಂತ?" ಹೀಗೆ ಎರಡೂ ಕಡೆ ಬಾಗಿಲು ತೆಗೆದಿಟ್ಟುಕೊಂಡೇ ಮಾತಾಡುವ ಜಾಣತನ ಆ ತಲೆಮಾರಿನ ಎಲ್ಲ ಹಿರಿಯರಿಗೂ ಇತ್ತು. ಇವತ್ತು ನಕ್ಷತ್ರದ ಮಳೆಯನ್ನು ಹಾಡಿ ಹೊಗಳುವ ಲೇಖನಗಳನ್ನು ಓದುವಾಗ ನನಗೆ ಮೊದಲು ನೆನಪಾಗುವುದು ಆ ಎರಡು ಬಾಗಿಲು.

ಮೇಷ್ಟ್ರು ಈ ಜಗಲಿಯ ಪಂಡಿತರ ಪಾಲಿಗೆ ದೊಡ್ಡ ತಲೆನೋವಾಗಿದ್ದರು. ತಿಪಟೂರು ಕಡೆಯಿಂದ ವರ್ಗವಾಗಿ ಬಂದವರು, ಬಿಳಿ ಪಂಚೆ, ತೋಳು ಮಡಿಸಿದ ಅಂಗಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಹಿಂದಿನ ಬಯಲಲ್ಲಿ ಕಲ್ಲು ಕೂಡಿಸಿ, ಅದರ ನಡುವೆ ಒಂದು ಹಾರ್ಲಿಕ್ಸ್ ಬಾಟಲಿ ನಿಲ್ಲಿಸಿ, ಬಾಯಿಗೆ ತಗಡಿನ ಲಾಳಿಕೆ ಇಟ್ಟರು. ಸೀಮೆಎಣ್ಣೆ ಬಗ್ಗಿಸುವ ಮಾಮೂಲಿ ಲಾಳಿಕೆ, ಹಿಡಿ ಮಾತ್ರ ಕತ್ತರಿಸಿದ್ದರು. ಲಾಳಿಕೆ ಮತ್ತು ಬಾಟಲಿ ಸೇರುವ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಬಾಟಲಿ ತೆಗೆದು, ಕಾಂಪೌಂಡರ್ ಕೊಟ್ಟಿದ್ದ ಗೆರೆ ಹಾಕಿದ ಔಷಧಿ ಗ್ಲಾಸಿಗೆ ನೀರು ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದುವರು. ನೀರು ಅಂಚಿನಲ್ಲಿ ಮೇಲಕ್ಕೆ ಹತ್ತಿ ನಡುವೆ ತಗ್ಗಾಗಿರುತ್ತದಲ್ಲ, ಆ ತಗ್ಗನ್ನೇ ಓದಬೇಕು. ಅಂಚನ್ನು ಓದಿದವನಿಗೆ ತಲೆಗೊಂದು ಬೀಳುತ್ತಿತ್ತು. ಮಳೆ ಬಾರದ ದಿನವೂ ಹೋಗಿ ಬಾಟಲಿ ನೋಡಿ "ಇಲ್ಲ" ಎಂದು ಬರೆಯಲೇಬೇಕು. "ಬಂದಿಲ್ಲ ಅಂತ ಗೊತ್ತಲ್ಲ ಸಾ" ಎಂದರೆ, "ಗೊತ್ತಿರೋದು ಬೇರೆ, ನೋಡೋದು ಬೇರೆ ಕಣೋ" ಎನ್ನುವರು.

ಶಾಲೆಯ ಬಡಗಣ ಗೋಡೆಗೆ, ಹೆಂಚಿನ ಸೂರಿನ ನೆರಳಲ್ಲಿ, ಒಂದು ಥರ್ಮಾಮೀಟರ್ ತೂಗುಹಾಕಿದ್ದರು. ಅದು ತೋರಿಸುವುದು ಪೂರ್ತಿ ಸರಿಯಲ್ಲ ಎಂದು ಅವರೇ ಹೇಳುತ್ತಿದ್ದರು. ನಿಜವಾದ ಉಷ್ಣಾಂಶ ಬೇಕಾದರೆ ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಸುತ್ತ ಪಟ್ಟಿಗಳ ಸಂದಿಯಿಂದ ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಇಡಬೇಕು, ಗೋಡೆ ತನ್ನ ಬಿಸಿಯನ್ನೂ ಸೇರಿಸಿಬಿಡುತ್ತದೆ ಎನ್ನುವರು. ಆ ಪೆಟ್ಟಿಗೆಯನ್ನು ರೂಪಿಸಿದ ಸ್ಟೀವನ್ಸನ್ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರು, 'ಟ್ರೆಷರ್ ಐಲ್ಯಾಂಡ್' ಬರೆದವನ ಅಪ್ಪ, ಎಂಬುದೆಲ್ಲ ನಮಗೆ ತಿಳಿದಿದ್ದು ಅವರಿಂದ. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯಗಳಿದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವುಗಳ ಉಸ್ತುವಾರಿ ನೋಡುತ್ತಿದ್ದರು. ಮೇಷ್ಟ್ರು ಇದನ್ನು ಹೇಳುವಾಗ ತಾವೂ ಆ ಇಲಾಖೆಯ ನೌಕರರೇ ಎಂಬ ಹಾಗೆ ಹೇಳುತ್ತಿದ್ದರು. ಸಂಬಳವಿಲ್ಲದ, ಯಾರೂ ನೇಮಿಸದ ನೌಕರ.

ತಿಂಗಳಿಗೊಮ್ಮೆ ಪೇಟೆಗೆ ಹೋದಾಗ ಸರ್ಕಾರಿ ಮಳೆಮಾಪಕದ ಲೆಕ್ಕ ಕೇಳಿ ಬರೆದುಕೊಂಡು ಬರುವರು. ಒಮ್ಮೆ ನನ್ನನ್ನೂ ಕರೆದೊಯ್ದಿದ್ದರು. ಕಟ್ಟೆಯ ಮೇಲೆ ಐದಂಗುಲ ಅಗಲದ ಬಾಯಿಯ ತಗಡಿನ ಕೊಳವೆ, ಸುತ್ತ ಬೇಲಿ, ಬೇಲಿಯ ಮೇಲೆ ಯಾರದೋ ಟವೆಲು ಒಣಗುತ್ತಿತ್ತು. ಅಲ್ಲಿನ ಗುಮಾಸ್ತರು ರಿಜಿಸ್ಟರ್ ತಿರುಗಿಸಿ, ಮೊನ್ನೆ ಅಷ್ಟು, ನಿನ್ನೆ ಇಷ್ಟು ಎಂದು ಓದಿದರು. ಎಲ್ಲವೂ ಐದರ ಹತ್ತರ ಲೆಕ್ಕದಲ್ಲಿ ದುಂಡಗೆ ಇದ್ದವು. ಹೊರಗೆ ಬಂದ ಮೇಲೆ ಮೇಷ್ಟ್ರು, "ಮಳೆ ಇಷ್ಟು ದುಂಡಗೆ ಬರಲ್ಲ ಕಣೋ" ಎಂದರು. ಅದು ಯಾವ ಕಚೇರಿ ಎಂಬುದು ಇಲ್ಲಿ ಬೇಡ.

ಅವರ ಜೊತೆ ಬೆಟ್ಟ ಹತ್ತಿದ ಒಂದು ಮೇ ತಿಂಗಳ ಭಾನುವಾರ ಮಾತ್ರ ಮರೆಯುವಂಥದ್ದಲ್ಲ. ನಾವು ನಾಲ್ಕು ಹುಡುಗರು, ಅವರು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಹನ್ನೊಂದರ ಹೊತ್ತಿಗೆ ಸಣ್ಣ ಸಣ್ಣ ಬಿಳಿ ಮೋಡ, ತಳ ಎಲ್ಲದಕ್ಕೂ ಒಂದೇ ಮಟ್ಟದಲ್ಲಿ. ಯಾಕೆ ಒಂದೇ ಮಟ್ಟ ಎಂದು ಕೇಳಿದರು. ಕೆಳಗಿನಿಂದ ಏರುವ ಗಾಳಿ ತಣಿಯುತ್ತಾ ಹೋಗಿ ಅದರ ತೇವ ಹನಿಗಟ್ಟುವ ಎತ್ತರ ಅದು. ಏಪ್ರಿಲ್, ಮೇ ತಿಂಗಳಲ್ಲಿ ಬಂಗಾಳ ಕೊಲ್ಲಿ ಕಡೆಯಿಂದ ತೇವದ ಗಾಳಿ, ವಾಯವ್ಯದಿಂದ ಒಣಗಾಳಿ ಬಂದು ನಮ್ಮ ಒಳನಾಡಿನ ಮೇಲೆ ಎದುರುಬದುರಾಗುತ್ತವೆ. ಕಾದ ನೆಲ ಕೆಳಗಿನಿಂದ ಎತ್ತಿಕೊಡುತ್ತದೆ. ಅದಕ್ಕೇ ಈ ಮಳೆ ಮಧ್ಯಾಹ್ನ ಕಟ್ಟಿ ಸಂಜೆ ಸುರಿಯುವುದು, ಅದಕ್ಕೇ ಒಂದು ಊರಿಗೆ ಹುಯ್ದು ಪಕ್ಕದೂರಿಗೆ ಇಲ್ಲದಿರುವುದು. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವ ಮಳೆ ಎಂದು ನಮ್ಮವರು ಹೇಳುವುದು ಇದನ್ನೇ.

ಎರಡು ಗಂಟೆಗೆ ಬಡಗಣ ದಿಕ್ಕಿನಲ್ಲಿ ಒಂದು ಮೋಡ ಹೂಕೋಸಿನಂತೆ ಮೇಲೆದ್ದಿತು. ಮೂರಕ್ಕೆ ಶಿವಗಂಗೆ ಕಾಣದಾಯಿತು. ಆಮೇಲೆ ಮಾಗಡಿ, ಆಮೇಲೆ ಸಾವನದುರ್ಗದ ಬಂಡೆ. ಮೋಡದ ನೆತ್ತಿ ಅಡ್ಡಕ್ಕೆ ಹರಡಿ ಚಪ್ಪಟೆಯಾಗಿದ್ದು ಕಂಡು ಮೇಷ್ಟ್ರು ಕಲ್ಲಿನ ಮೇಲೆ ಹತ್ತಿ ನಿಂತು, "ನೋಡ್ರೋ, ನೋಡ್ರೋ, ಅಡಿಗಲ್ಲು ಆಯ್ತು!" ಎಂದು ಕೂಗಿದರು. ಕಮ್ಮಾರನ ಅಡಿಗಲ್ಲಿನ ಆಕಾರವದು. ಮಿಂಚಿದ ಮೇಲೆ ಗುಡುಗಿಗೆ ಎಷ್ಟು ಸೆಕೆಂಡೆಂದು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಹದಿನೆಂಟು, ಹನ್ನೆರಡು, ಒಂಬತ್ತು ಎಂದು ನಾವು ಗಟ್ಟಿಯಾಗಿ ಎಣಿಸುತ್ತಾ ಕೋಟೆಯ ಬಾಗಿಲ ಕೆಳಗೆ ಕೂತಿದ್ದೆವು. ಇವತ್ತು ಯೋಚಿಸಿದರೆ ಮೈ ಜುಂ ಎನ್ನುತ್ತದೆ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಬಯಲಲ್ಲಿ ಇರಬಾರದು, ಬೆಟ್ಟದ ನೆತ್ತಿಯಲ್ಲಂತೂ ಇರಲೇಬಾರದು. ಹಳೆಯ ಕಲ್ಲಿನ ಬಾಗಿಲು ಸಿಡಿಲಿಗೆ ಆಸರೆಯಲ್ಲ. ಪ್ರತಿ ಬೇಸಿಗೆಯೂ ಕರ್ನಾಟಕದಲ್ಲಿ ಹೊಲದಲ್ಲಿ, ಮರದಡಿಯಲ್ಲಿ ನಿಂತವರು ಸಿಡಿಲಿಗೆ ಸಾಯುತ್ತಲೇ ಇದ್ದಾರೆ. ನಾಲ್ಕು ಮನೆಯ ಮಕ್ಕಳನ್ನು ಕರೆತಂದಿದ್ದೇನೆ ಎಂಬುದು ಆ ಗಳಿಗೆಯಲ್ಲಿ ಅವರ ತಲೆಯಲ್ಲಿರಲಿಲ್ಲ. ಅಷ್ಟು ಒಳ್ಳೆಯ ಮನುಷ್ಯನಿಗೂ ಮೋಡ ಕಂಡರೆ ಬೇರೇನೂ ಕಾಣುತ್ತಿರಲಿಲ್ಲ.

ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ಬಂತು, ಹಿಂದೆಯೇ ಆಲಿಕಲ್ಲು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಬಿಸಿಲು ಬಂದಾಗ ಇಳಿದೆವು. ಊರ ಹೊರಗಿನ ಮಾವಿನ ತೋಪಿನಲ್ಲಿ ರಸಪುರಿ, ಬಾದಾಮಿ ಕಾಯಿಗಳು ಎಲೆಯ ಸಮೇತ ನೆಲಕ್ಕೆ ಹಾಸಿದ್ದವು. ತಾತ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮೇಷ್ಟ್ರು ಜೇಬಿನಿಂದ ಅಡಿಪಟ್ಟಿ ತೆಗೆದು ಕರಗುತ್ತಿದ್ದ ಒಂದು ಆಲಿಕಲ್ಲನ್ನು ಅಳೆಯತೊಡಗಿದರು.

"ಅಳೀರಿ ಮೇಷ್ಟ್ರೇ, ಅಳೀರಿ," ಎಂದರು ತಾತ. "ಅದಾದ ಮೇಲೆ ನಮ್ಮ ಕಾಯೂ ಒಂದಪ ಅಳೀರಿ."

ಮಳೆ ಬೇಕಾದವನು ನೋಡುವ ಆಕಾಶ, ಮಳೆಯನ್ನು ನೋಡಬೇಕಾದವನು ನೋಡುವ ಆಕಾಶ, ಇವು ಒಂದೇ ಅಲ್ಲ ಎಂದು ನನಗೆ ಮೊದಲು ಗೊತ್ತಾಗಿದ್ದು ಆ ತೋಪಿನಲ್ಲಿ. ಮೇಷ್ಟ್ರಿಗೆ ಮಳೆ ಬಂದರೂ ಒಂದು ಸಾಲು, ಬಾರದಿದ್ದರೂ ಒಂದು ಸಾಲು. ತಾತನಿಗೆ ಹಾಗಲ್ಲ. ನಾನು ಓದಿ ಬೆಂಗಳೂರು ಸೇರಿ ತಿಂಗಳ ಸಂಬಳಕ್ಕೆ ಬಿದ್ದ ಮೇಲೆ ಮೇಷ್ಟ್ರ ಪಕ್ಷದವನಾದೆ. ಬೇಸಿಗೆಯಲ್ಲಿ ಪಡುವಣ ಕಿಟಕಿಯಲ್ಲಿ ಕೂತು ಮೋಡದ ಚೆಂದ ನೋಡುವಷ್ಟು ಬಿಡುವು ತಾತನ ದುಡಿಮೆಯಿಂದ ಬಂದದ್ದು ಎಂಬುದು ಬೇರೆ ಮಾತು. ಮೊಮ್ಮಗನ ಗುಂಪು ಹುಯ್ಲೆಬ್ಬಿಸಿ ಕಳಿಸುವ ಆಲಿಕಲ್ಲಿನ ವಿಡಿಯೊಗಳಿಗೆ ನಾನು ಇವತ್ತಿಗೂ ಹೆಬ್ಬೆರಳು ಒತ್ತುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಅವರ ಜೊತೆ ಹುತ್ರಿದುರ್ಗಕ್ಕೆ ಹೋದೆ. ಅರ್ಧಕ್ಕೇ ಸುಸ್ತಾಗಿ ಒಂದು ಬಾಗಿಲ ಹತ್ತಿರ ಕೂತುಬಿಟ್ಟೆ. ನೆತ್ತಿಯಲ್ಲಿ ಬುಡಕ್ಕಿಂತ ಎರಡು ಡಿಗ್ರಿ ಕಡಿಮೆ ಎಂದು ಅವರು ಇಳಿದು ಬಂದು ಹೇಳಿದರು. ಒಣಗಾಳಿ ಪ್ರತಿ ನೂರು ಮೀಟರ್ ಏರಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ತಣಿಯುತ್ತದೆ, ಲೆಕ್ಕ ಸರಿಯಿದೆ. ಗುಡುಗು ಕೇಳುವ ಮೊದಲೇ ಫೋನು ನೋಡಿ ಇಳಿದುಬಿಟ್ಟಿದ್ದರು. ಈ ವಿಷಯದಲ್ಲಿ ಅವರು ಮೇಷ್ಟ್ರಿಗಿಂತ ಮೇಲು.

ಕೆಳಗೆ ನನ್ನ ಊರು ಗುರುತು ಸಿಗದಷ್ಟು ಬದಲಾಗಿದೆ. ರಾಗಿ ಹೊಲಗಳಲ್ಲಿ ನೀಲಗಿರಿ, ಇಲ್ಲವೇ ಸೈಟಿನ ಕಲ್ಲು. ಕುಣಿಗಲ್ ಸುತ್ತ ಕಾರ್ಖಾನೆಗಳು. ಜಗಲಿಯಲ್ಲಿ ಆಕಾಶ ನೋಡುವವರಿಲ್ಲ, ಕಾಲುವೆ ನೋಡುವವರಿದ್ದಾರೆ. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ನೇರ ಒಯ್ಯುವ ಲಿಂಕ್ ಕಾಲುವೆ ಬೇಡವೆಂದು ಗುಬ್ಬಿ ಕಡೆಯ ರೈತರು 2025ರ ಮೇ ಕೊನೆಗೆ ರಸ್ತೆಗಿಳಿದರು, ಬೇಕೇ ಬೇಕೆಂದು ಕುಣಿಗಲ್ಲಿನವರು ಪಟ್ಟು ಹಿಡಿದರು. ಒಂದೇ ಜಿಲ್ಲೆ, ಅಕ್ಕಪಕ್ಕದ ತಾಲ್ಲೂಕು, ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಟ್ಟು ತಂದವರು. ಭರಣಿ ಮಳೆ ನಿಮಗೆ ಹುಯ್ದು ನಮಗೆ ಹುಯ್ಯಲಿಲ್ಲ ಎಂದು ಅವರು ಯಾವತ್ತೂ ಜಗಳವಾಡಿದ್ದಿಲ್ಲ. ತಮಾಷೆಯೆಂದರೆ ಅದೇ ಮೇನಲ್ಲಿ ಕರ್ನಾಟಕಕ್ಕೆ ಮೇ ತಿಂಗಳಿನ ದಾಖಲೆ ಮಳೆ ಸುರಿಯಿತು. ಮುಂಗಾರು 24ಕ್ಕೇ ಕೇರಳ ಮುಟ್ಟಿತು, ರೋಹಿಣಿ ಹುಟ್ಟುವುದಕ್ಕೆ ಮೊದಲೇ. ಮಾನವನ ಲೆಕ್ಕ ಇರಲಿ, ನಕ್ಷತ್ರದ ಲೆಕ್ಕವನ್ನೂ ಆ ವರ್ಷ ಮಳೆ ಕೇಳಲಿಲ್ಲ.

ಗ್ರಾಮ ಪಂಚಾಯಿತಿಗೊಂದರಂತೆ ಈಗ ತಾನೇ ಅಳೆದು ತಾನೇ ಕಳಿಸುವ ಮಳೆಮಾಪಕಗಳಿವೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. 1988ರಲ್ಲಿ ಬರದ ಮೇಲೆ ಕಣ್ಣಿಡುವ ಘಟಕವಾಗಿ ಶುರುವಾದದ್ದು ಅದು. ಯಾರ ಟವೆಲೂ ಅಡ್ಡ ಬರುವುದಿಲ್ಲ, ದುಂಡಗಿನ ಅಂಕಿಯೂ ಇಲ್ಲ. ಆದರೆ ಆ ಲೆಕ್ಕಗಳಿಗೆ ಇನ್ನೂ ಎಳೆ ವಯಸ್ಸು. ನಮ್ಮೂರಿನ 1970ರ ದಶಕದ ಮಳೆ ಬೇಕಾದರೆ ಮೇಷ್ಟ್ರ ಪುಸ್ತಕವೇ ಗತಿ.

ಮೇಷ್ಟ್ರು ಹೋಗಿ ಬಹಳ ಕಾಲವಾಯಿತು. ಅವರ ಮನೆಯವರು ಕುಣಿಗಲ್ಲಿನಲ್ಲಿ ಮಗನ ಜೊತೆ ಇದ್ದಾರೆ, ಎಂಬತ್ತೇಳು ವರ್ಷ. ನಾನೂ ಹುಡುಗನೂ ಹೋಗಿ ಪುಸ್ತಕ ಕೇಳಿದಾಗ ಟ್ರಂಕು ತೆಗೆಸಿದರು. ಲಾಂಗ್ ಬುಕ್ಕುಗಳು, ಕೆಲವನ್ನು ಗೆದ್ದಲು ತಿಂದಿತ್ತು. ತಾರೀಕು, ನಕ್ಷತ್ರ, ಗಾಳಿ, ಮೋಡ, ನೀರು ಎಂದು ಐದು ಕಲಮು.

"ಮಳೆ ಬಂದಿದ್ದ ಬರ್ಕಂಡ್ರು," ಎಂದರು ಅಮ್ಮ. "ಮನೆ ಎಲ್ಲೆಲ್ಲಿ ಸೋರ್ತು ಅಂತ ಯಾರು ಬರ್ಕಂಡ್ರು? ಎಂಟೂವರೆಗೆ ಬಾಟ್ಲಿ ನೋಡಕ್ಕೆ ಓಡೋರು. ಮಂಚದ ಮೇಲೆ ನೀರು ತೊಟ್ಟಿಕ್ತಾ ಇದ್ರೂ ಮೊದ್ಲು ಬಾಟ್ಲಿ." ಕೋಪದಿಂದ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ. ಹುಡುಗ ತಲೆ ತಗ್ಗಿಸಿ ಹಾಳೆಗಳ ಫೋಟೊ ತೆಗೆಯುತ್ತಿದ್ದ.

ಆ ಹಾಳೆಗಳು ಊರಿನ ಹಿರಿಯರಿಗೆ ಹಿಡಿಸುವಂಥವಲ್ಲ. ನಮ್ಮ ಕಾಲದಲ್ಲಿ ಭರಣಿ ತಪ್ಪುತ್ತಲೇ ಇರಲಿಲ್ಲ, ಕಾಲಕಾಲಕ್ಕೆ ಮಳೆ, ಇಂಥ ಧಗೆ ಎಲ್ಲಿತ್ತು ಎನ್ನುವುದು ಅರವತ್ತು ದಾಟಿದ ಎಲ್ಲರ ಪಲ್ಲವಿ. ಪುಸ್ತಕದಲ್ಲಿ ಭರಣಿಯ ದಿನಗಳ ಉದ್ದಕ್ಕೂ "ಇಲ್ಲ, ಇಲ್ಲ, ಇಲ್ಲ" ಎಂದಿರುವ ವರ್ಷಗಳು ಬೇಕಾದಷ್ಟಿವೆ. ಹಾಗೆಂದು ಏನೂ ಬದಲಾಗಿಲ್ಲ ಎಂದೂ ಅಲ್ಲ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ ವರದಿ ಹೇಳುತ್ತದೆ. ಶಾಲೆಯ ಗೋಡೆಯ ಥರ್ಮಾಮೀಟರಿಗೆ ಅದು ಕಾಣುವಂಥದ್ದಲ್ಲ, ಗೋಡೆಯ ಬಿಸಿಯೇ ಅದಕ್ಕಿಂತ ಹೆಚ್ಚು. ಜಗಲಿಯ ನೆನಪಿಗಂತೂ ಕಾಣುವಂಥದ್ದೇ ಅಲ್ಲ. ಅದಕ್ಕೆ ನೂರಾರು ಕಡೆ, ನೂರು ವರ್ಷ, ಬೇಸರವಿಲ್ಲದೆ ಯಾರಾದರೂ ಬಿಳಿ ಪೆಟ್ಟಿಗೆ ತೆಗೆದು ನೋಡಿರಬೇಕು.

ನೀರಿನ ಕಲಮಿನಲ್ಲಿ ಒಂದು ತೊಡಕಿತ್ತು. ಔಷಧಿ ಗ್ಲಾಸಿನಲ್ಲಿ ಅಳೆದದ್ದಾದ್ದರಿಂದ ಎಲ್ಲವೂ ಮಿಲಿಲೀಟರ್. ಅದನ್ನು ಮಳೆಯ ಮಿಲಿಮೀಟರ್ ಮಾಡಬೇಕಾದರೆ ಲಾಳಿಕೆಯ ಬಾಯಿ ಎಷ್ಟು ಅಗಲ ಎಂದು ಗೊತ್ತಿರಬೇಕು. ಅದನ್ನು ಮೇಷ್ಟ್ರು ಎಲ್ಲೂ ಬರೆದಿರಲಿಲ್ಲ, ಅಥವಾ ಬರೆದ ಹಾಳೆ ಗೆದ್ದಲಿಗೆ ಹೋಗಿತ್ತು. ಹುಡುಗನ ಮುಖ ಸಪ್ಪಗಾಯಿತು. "ಲಾಳಿಕೆನಾ?" ಎಂದ ಅಮ್ಮ ಸೊಸೆಯನ್ನು ಕರೆದು ಅಡಿಗೆಮನೆಯಿಂದ ತರಿಸಿದರು. ಎಣ್ಣೆ ಬಗ್ಗಿಸಲು ಇವತ್ತಿಗೂ ಅದೇ. ಹಿಡಿ ಕತ್ತರಿಸಿದ ಗುರುತು ಹಾಗೇ ಇತ್ತು. ಜಿಡ್ಡು ಒರೆಸಿ ಅಳೆದರೆ ಒಂದು ಕಡೆಯಿಂದ 12.7 ಸೆಂಟಿಮೀಟರ್, ಸೊಟ್ಟಗಾದ ಕಡೆ 12.4. ಐದಂಗುಲ. ಸರ್ಕಾರಿ ಮಾಪಕದ ಬಾಯಿಯಷ್ಟೇ. ಎಷ್ಟು ಅಂಗಡಿ ಅಲೆದು ಆರಿಸಿದ್ದರೋ.

ಮೊದಲು 1983ರ ಏಪ್ರಿಲ್ ತೆಗೆದೆವು. ಇಡೀ ಪುಟ "ಇಲ್ಲ". ಒಂದೇ ಒಂದು ಸಾಲಿನಲ್ಲಿ ಮಾತ್ರ "ಸಂಜೆ ನಾಲ್ಕು ಹನಿ, ಬಾಟಲಿ ತಳ ಒದ್ದೆ, ಗ್ಲಾಸಿಗೆ ಸಿಗಲಿಲ್ಲ" ಎಂದಿತ್ತು. ಅಳತೆಗೆ ಸಿಗದ್ದು ಲೆಕ್ಕಕ್ಕೆ ಸೊನ್ನೆಯೇ ಎಂದ ಹುಡುಗ. ನಾಲ್ಕು ಹನಿ ಬಿದ್ದಿದೆಯಲ್ಲೋ ಎಂದೆ. ಸೊನ್ನೆ ಹಾಕಿ ಪಕ್ಕದಲ್ಲಿ ಮೇಷ್ಟ್ರ ಸಾಲನ್ನೂ ಬರೆದುಕೊಂಡ.

ಈಗ ಒಂದೊಂದೇ ವರ್ಷ ಹಿಂದಕ್ಕೆ ಹೋಗುತ್ತಿದ್ದಾನೆ. ನಿನ್ನೆ ಒಂದು ಹಾಳೆಯ ಫೋಟೊ ಕಳಿಸಿ, ಮೇ ತಿಂಗಳ ಒಂದು ದಿನಕ್ಕೆ ಮೇಷ್ಟ್ರು ಬರೆದಿರುವುದು 9ಓ 90ಓ, ಪಕ್ಕದ್ದು ಸೊನ್ನೆಯೋ ಮಸಿ ಬಿದ್ದದ್ದೋ ಎಂದು ಕೇಳಿದ್ದಾನೆ. ನನ್ನ ಕಣ್ಣಿಗೆ ಅದು 90. ಬೇರೆ ಯಾರಿಗಾದರೂ ತೋರಿಸು ಎಂದು ಹೇಳಿದ್ದೇನೆ.